ಗಟ್ಟಿ ಚಿನ್ನದೊಳಗೂ ಪರಮಾಣುಗಳ ಓಡಾಟ!

ಮಕ್ಕಳೇ, ಒಂದು ಲೋಟ ನೀರಿಗೆ ಒಂದು ಹನಿ ಶಾಯಿ ಬಿಟ್ಟು ಸುಮ್ಮನೆ ನೋಡುತ್ತಾ ಕುಳಿತಿದ್ದೀರಾ? ಯಾರೂ ಕಲಕುವುದಿಲ್ಲ, ಅಲುಗಿಸುವುದೂ ಇಲ್ಲ. ಆದರೂ ಶಾಯಿ ಮೆಲ್ಲಮೆಲ್ಲನೆ ಹರಡಿ ಸ್ವಲ್ಪ ಹೊತ್ತಿನಲ್ಲಿ ನೀರೆಲ್ಲ ಬಣ್ಣವಾಗುತ್ತದೆ. ಕೋಣೆಯ ಮೂಲೆಯಲ್ಲಿ ಊದುಬತ್ತಿ ಹಚ್ಚಿಟ್ಟರೆ ಇನ್ನೊಂದು ಮೂಲೆಯಲ್ಲಿ ಕುಳಿತವರಿಗೂ ಪರಿಮಳ ತಲುಪುತ್ತದೆ. ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕಣಗಳು ತಾವಾಗಿಯೇ ಹೀಗೆ ಹರಡಿಕೊಳ್ಳುವುದಕ್ಕೆ 'ವಿಸರಣೆ' ಎಂದು ಹೆಸರು.

ಅನಿಲದಲ್ಲಿ ವಿಸರಣೆ ಬೇಗ ನಡೆಯುತ್ತದೆ. ದ್ರವದಲ್ಲಿ ನಿಧಾನ. ಹಾಗಾದರೆ ಘನ ವಸ್ತುವಿನಲ್ಲಿ? ಕಬ್ಬಿಣ, ತಾಮ್ರ, ಚಿನ್ನದಂಥ ಗಟ್ಟಿ ಲೋಹಗಳಲ್ಲಿ?

"ಘನದಲ್ಲಿ ಕಣಗಳು ಒತ್ತೊತ್ತಾಗಿ ಜೋಡಣೆಯಾಗಿವೆ. ಅವು ಇದ್ದಲ್ಲೇ ಅದುರುತ್ತವೆ, ಜಾಗ ಬಿಟ್ಟು ಕದಲುವುದಿಲ್ಲ" ಎಂದು ನಾನು ಎಷ್ಟೋ ಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ಹಾಗೆ ಹೇಳಿ ಒಮ್ಮೆ ಸಿಕ್ಕಿಬಿದ್ದೆ. ಆ ಕಥೆಯನ್ನು ಮೊದಲು ಕೇಳಿ.

ಏಳನೇ ತರಗತಿಯ ಹುಡುಗಿ ಕೇಳಿದ ಪ್ರಶ್ನೆ

ವಿಜ್ಞಾನದ ಪೆಟ್ಟಿಗೆ ಹೊತ್ತು ಶಾಲೆಯಿಂದ ಶಾಲೆಗೆ ಹೋಗುವುದು ನನ್ನ ಕೆಲಸ. ಒಂದು ಹಳ್ಳಿಯ ಶಾಲೆಯಲ್ಲಿ ಶಾಯಿಯ ಪ್ರಯೋಗ ತೋರಿಸಿ, ಘನದಲ್ಲಿ ಹೀಗೆಲ್ಲ ಆಗುವುದಿಲ್ಲ ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಂದೆ ಅಕ್ಕಸಾಲಿಗರು.

"ಸಾರ್, ನಮ್ಮಪ್ಪ ಚಿನ್ನ ಕಾಯಿಸೋ ಜಾಗದಲ್ಲಿ ಸೀಸದ ಚೂರು ಬೀಳೋಕೇ ಬಿಡಲ್ಲ. ಸೀಸ ಚಿನ್ನಾನ ತಿಂದುಬಿಡುತ್ತೆ ಅಂತಾರೆ. ಘನದೊಳಗೆ ಘನ ಹೋಗಲ್ಲ ಅಂದ್ರೆ ಅದು ಹೇಗೆ ತಿನ್ನುತ್ತೆ ಸಾರ್?"

"ಅದು ಕಾಯಿಸಿದಾಗ ಸೀಸ ಕರಗುತ್ತದಲ್ಲಮ್ಮ. ಕರಗಿದ ಸೀಸ ದ್ರವ. ಅದಕ್ಕೇ ಚಿನ್ನದೊಳಗೆ ಇಳಿಯುತ್ತದೆ" ಎಂದೆ.

"ಕರಗದೆ ಗಟ್ಟಿಯಾಗೇ ಇದ್ರೆ ಸಾರ್?"

"ಗಟ್ಟಿಯಾಗಿದ್ದರೆ ಎಷ್ಟು ವರ್ಷ ಇಟ್ಟರೂ ಏನೂ ಆಗುವುದಿಲ್ಲ" ಎಂದು ಹೇಳಿ ಕೂರಿಸಿಬಿಟ್ಟೆ.

ಅವಳು ಕೂತಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ನನಗೂ ದಾರಿಯುದ್ದಕ್ಕೂ ಅದೇ ಯೋಚನೆ. ಮನೆಗೆ ಬಂದು ಎಂ.ಎಸ್ಸಿ. ಓದುವಾಗಿನ ಹಳೆಯ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದೆ. ನಾನು ಹೇಳಿದ್ದ ಮೊದಲ ಉತ್ತರ ಅರ್ಧ ಸರಿ. ಎರಡನೆಯದು ಪೂರ್ತಿ ತಪ್ಪು! ಒಬ್ಬ ವಿಜ್ಞಾನಿ ಇದೇ ಪ್ರಶ್ನೆಯನ್ನು, ಇದೇ ಎರಡು ಲೋಹಗಳನ್ನು ಇಟ್ಟುಕೊಂಡು, ನೂರು ವರ್ಷಕ್ಕೂ ಹಿಂದೆಯೇ ಪರೀಕ್ಷಿಸಿ ನೋಡಿದ್ದರು.

ಟಂಕಸಾಲೆಯ ವಿಜ್ಞಾನಿ

ಅವರ ಹೆಸರು ವಿಲಿಯಂ ಚಾಂಡ್ಲರ್ ರಾಬರ್ಟ್ಸ್-ಆಸ್ಟೆನ್ (1843-1902). ಲಂಡನ್ನಿನ ರಾಯಲ್ ಮಿಂಟ್ ಎಂಬ ಟಂಕಸಾಲೆಯಲ್ಲಿ, ಅಂದರೆ ನಾಣ್ಯಗಳನ್ನು ತಯಾರಿಸುವ ಸ್ಥಳದಲ್ಲಿ, ಅವರಿಗೆ ಕೆಲಸ. ನಾಣ್ಯದ ಲೋಹದಲ್ಲಿ ಚಿನ್ನ ಎಷ್ಟಿದೆ ಎಂದು ಕರಾರುವಾಕ್ಕಾಗಿ ಅಳೆಯುವುದರಲ್ಲಿ ಅವರು ನಿಪುಣರು. ಯುವಕರಾಗಿದ್ದಾಗ ಅದೇ ಟಂಕಸಾಲೆಯಲ್ಲಿ ಥಾಮಸ್ ಗ್ರಹಾಂ ಅವರಿಗೆ ಸಹಾಯಕರಾಗಿದ್ದರು. ಅನಿಲಗಳ ವಿಸರಣೆಯ ನಿಯಮವನ್ನು ಕಂಡುಹಿಡಿದ ಗ್ರಹಾಂ ಇವರೇ. ಗುರುಗಳು ಅನಿಲದಲ್ಲಿ ನೋಡಿದ್ದನ್ನು ಶಿಷ್ಯರು ಲೋಹದಲ್ಲಿ ಹುಡುಕಲು ಹೊರಟರು.

ಅವರು ಮಾಡಿದ್ದು ಸರಳವಾದ ಪ್ರಯೋಗ. ಸೀಸದ ಒಂದು ಗಟ್ಟಿ ಉರುಳೆ. ಅದರ ತಳದಲ್ಲಿ ಚಿನ್ನ. ಇವನ್ನು 251 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 31 ದಿನ ಇಟ್ಟರು. ಸೀಸ ಕರಗುವುದು ಸುಮಾರು 327 ಡಿಗ್ರಿಯಲ್ಲಿ, ಚಿನ್ನ ಕರಗುವುದು 1064 ಡಿಗ್ರಿಯಲ್ಲಿ. ಆದ್ದರಿಂದ ಉರುಳೆ ಅಷ್ಟು ದಿನವೂ ಗಟ್ಟಿಯಾಗಿಯೇ ಇತ್ತು. ನಂತರ ಸೀಸದ ಉರುಳೆಯನ್ನು ಕ್ಯಾರೆಟ್ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಒಂದೊಂದು ಬಿಲ್ಲೆಯಲ್ಲೂ ಚಿನ್ನ ಎಷ್ಟಿದೆ ಎಂದು ಅಳೆದರು.

ಸೀಸದೊಳಗೆ ಚಿನ್ನ ಸಿಕ್ಕಿತು! ತಳದ ಬಿಲ್ಲೆಗಳಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ, ಇನ್ನೂ ಮೇಲೆ ಇನ್ನೂ ಕಡಿಮೆ. ಲೋಟದ ನೀರಿನಲ್ಲಿ ಶಾಯಿ ಹರಡಿದ್ದು ಹೇಗೋ ಹಾಗೆಯೇ.

ಇಲ್ಲಿ ಒಂದು ವಿಷಯ ಗಮನಿಸಿ. ಚಿನ್ನ ಸೀಸಕ್ಕಿಂತ ಭಾರ. ಒಂದು ಘನ ಸೆಂಟಿಮೀಟರ್ ಚಿನ್ನ ಸುಮಾರು 19.3 ಗ್ರಾಂ ತೂಗಿದರೆ ಅಷ್ಟೇ ಸೀಸ 11.3 ಗ್ರಾಂ ತೂಗುತ್ತದೆ. ಚಿನ್ನವನ್ನು ಮೇಲಿಟ್ಟಿದ್ದರೆ "ಭಾರಕ್ಕೆ ಕೆಳಗಿಳಿಯಿತು" ಎಂದು ಯಾರಾದರೂ ಆಕ್ಷೇಪಿಸಬಹುದಿತ್ತು. ತಳದಲ್ಲಿಟ್ಟ ಚಿನ್ನ ಮೇಲಕ್ಕೇರಿತು ಎಂದಮೇಲೆ ಆ ಮಾತಿಗೆ ಎಡೆಯಿಲ್ಲ. ಒಳ್ಳೆಯ ಪ್ರಯೋಗ ಎಂದರೆ ಹೀಗಿರಬೇಕು.

ಈ ಫಲಿತಾಂಶಗಳನ್ನು ಅವರು 1896ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಆದರೂ ಒಂದು ಅನುಮಾನ ಉಳಿದಿತ್ತು. 251 ಡಿಗ್ರಿ ಎಂದರೆ ಒಳ್ಳೆಯ ಬಿಸಿಯೇ. ಬಿಸಿ ಮಾಡದೆ ಹಾಗೇ ಇಟ್ಟರೆ? ಚಿನ್ನವನ್ನೂ ಸೀಸವನ್ನೂ ಒಂದಕ್ಕೊಂದು ಬಿಗಿಯಾಗಿ ಒತ್ತಿ, ಸುಮಾರು 18 ಡಿಗ್ರಿಯಲ್ಲಿ, ಅಂದರೆ ಲಂಡನ್ನಿನ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ, ಇಟ್ಟರು. ಎಷ್ಟು ದಿನ ಗೊತ್ತೇ? ನಾಲ್ಕು ವರ್ಷ! ಆಮೇಲೆ ಸೀಸವನ್ನು ತೆಳ್ಳಗೆ ಕತ್ತರಿಸಿ ಅಳೆದಾಗ ಅದರೊಳಗೆ ಸ್ವಲ್ಪವೇ ಆದರೂ ಅಳೆಯುವಷ್ಟು ಚಿನ್ನ ಸೇರಿತ್ತು. 1900ರಲ್ಲಿ ಇದನ್ನೂ ಪ್ರಕಟಿಸಿದರು.

"ಎಷ್ಟು ವರ್ಷ ಇಟ್ಟರೂ ಏನೂ ಆಗುವುದಿಲ್ಲ" ಎಂದಿದ್ದೆನಲ್ಲ, ಆ ಮಾತು ತಪ್ಪೆಂದು ನಾಲ್ಕು ವರ್ಷ ಕಾದು ತೋರಿಸಿದವರು ಇದ್ದರು.

ಒತ್ತೊತ್ತಾಗಿರುವ ಪರಮಾಣುಗಳ ನಡುವೆ ದಾರಿ ಎಲ್ಲಿ?

ಲೋಹದಲ್ಲಿ ಪರಮಾಣುಗಳು ಗುಡ್ಡೆ ಹಾಕಿದ ಹಾಗೆ ಬಿದ್ದಿರುವುದಿಲ್ಲ. ಸಂತೆಯಲ್ಲಿ ಕಿತ್ತಳೆ ಹಣ್ಣು ಜೋಡಿಸಿಟ್ಟಿರುತ್ತಾರಲ್ಲ, ಹಾಗೆ ಸಾಲುಸಾಲಾಗಿ, ಪದರಪದರವಾಗಿ ಕುಳಿತಿರುತ್ತವೆ. ಈ ಅಚ್ಚುಕಟ್ಟಾದ ಜೋಡಣೆಗೆ ಸ್ಫಟಿಕ ರಚನೆ ಎನ್ನುತ್ತಾರೆ. ಚಿನ್ನದ ಪರಮಾಣುಗಳು ಎಷ್ಟು ಚಿಕ್ಕವೆಂದರೆ ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 35 ಲಕ್ಷ ಪರಮಾಣುಗಳು ಸಾಲಾಗಿ ಕೂರುತ್ತವೆ.

ಹೀಗೆ ಒತ್ತಾಗಿ ಕುಳಿತವು ಜಾಗ ಬದಲಿಸುವುದು ಹೇಗೆ? ತುಂಬಿದ ಬಸ್ಸನ್ನು ನೆನಪಿಸಿಕೊಳ್ಳಿ. ಎಲ್ಲ ಸೀಟೂ ಭರ್ತಿ ಇದ್ದರೆ ಯಾರೂ ಜಾಗ ಬದಲಿಸಲಾರರು. ಒಂದೇ ಒಂದು ಸೀಟು ಖಾಲಿಯಾಗಲಿ! ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಜಾಗಕ್ಕೆ ಹಿಂದಿನವರು, ಅವರ ಜಾಗಕ್ಕೆ ಇನ್ನೊಬ್ಬರು. ಲೋಹದೊಳಗೂ ಹೀಗೆಯೇ. ಎಷ್ಟೇ ಶುದ್ಧ ಲೋಹವಾಗಲಿ, ಅಲ್ಲಲ್ಲಿ ಪರಮಾಣು ಇರಬೇಕಾದ ಕಡೆ ಇಲ್ಲದೆ ಒಂದೊಂದು ಮನೆ ಖಾಲಿ ಇರುತ್ತದೆ. ಪಕ್ಕದ ಪರಮಾಣು ಅದಕ್ಕೆ ಜಿಗಿಯುತ್ತದೆ. ಆಗ ಅದು ಬಿಟ್ಟುಬಂದ ಮನೆ ಖಾಲಿಯಾಗುತ್ತದೆ.

ಕರಗುವ ಹಂತಕ್ಕೆ ಬಂದ ಚಿನ್ನದಲ್ಲಿ ಹತ್ತು ಸಾವಿರ ಮನೆಗಳಲ್ಲಿ ಸುಮಾರು ಏಳು ಮನೆಗಳು ಖಾಲಿ ಇರುತ್ತವೆ ಎಂದು ವಿಜ್ಞಾನಿಗಳು ಅಳೆದಿದ್ದಾರೆ. ತಣ್ಣಗಾದಂತೆ ಖಾಲಿ ಮನೆಗಳು ತೀರಾ ಕಡಿಮೆಯಾಗುತ್ತವೆ.

ಇನ್ನೊಂದು ದಾರಿಯೂ ಉಂಟು. ಕಿತ್ತಳೆ ಹಣ್ಣುಗಳ ನಡುವಿನ ಸಂದಿಯಲ್ಲಿ ನೆಲ್ಲಿಕಾಯಿ ತೂರಿಕೊಂಡು ಹೋಗುವಂತೆ, ಕೆಲವು ಪರಮಾಣುಗಳು ಖಾಲಿ ಮನೆಗಾಗಿ ಕಾಯದೆ ಸಂದಿಯಲ್ಲೇ ನುಸುಳುತ್ತವೆ. ಕಬ್ಬಿಣದೊಳಗೆ ಇಂಗಾಲ ಹೀಗೆ ಸಾಗುತ್ತದೆ. ಸೀಸದೊಳಗೆ ಚಿನ್ನ ಸಾಗುವುದೂ ಮುಖ್ಯವಾಗಿ ಹೀಗೆಯೇ. ರಾಬರ್ಟ್ಸ್-ಆಸ್ಟೆನ್ ಅವರಿಗೆ ನಾಲ್ಕೇ ವರ್ಷದಲ್ಲಿ ಫಲ ಸಿಕ್ಕಿದ್ದು ಇದರಿಂದಲೇ. ಅವರು ಆರಿಸಿಕೊಂಡದ್ದು ಬೇಗ ನುಸುಳುವ ಜೋಡಿ.

ಮಾಡಿ ನೋಡಿ: ಖಾಲಿ ಮನೆ ಆಟ

ಬೇಕಾಗುವ ಸಾಮಗ್ರಿ: ಸೀಮೆಸುಣ್ಣ, 12 ಹುಣಸೆ ಬೀಜ, 12 ಅವರೆಕಾಳು, ನಾಲ್ಕು ಚೀಟಿ.

1. ನೆಲದ ಮೇಲೆ ಐದು ಅಡ್ಡ ಸಾಲು, ಐದು ಉದ್ದ ಸಾಲು ಇರುವ 25 ಮನೆಗಳ ಚೌಕ ಬರೆಯಿರಿ.

2. ಎಡಗಡೆಯ ಎರಡು ಉದ್ದ ಸಾಲುಗಳಲ್ಲಿ ಮತ್ತು ನಡುವಿನ ಉದ್ದ ಸಾಲಿನ ಮೇಲಿನ ಎರಡು ಮನೆಗಳಲ್ಲಿ ಹುಣಸೆ ಬೀಜ ಇಡಿ. ಬಲಗಡೆಯ ಎರಡು ಉದ್ದ ಸಾಲುಗಳಲ್ಲಿ ಮತ್ತು ನಡುವಿನ ಸಾಲಿನ ಕೆಳಗಿನ ಎರಡು ಮನೆಗಳಲ್ಲಿ ಅವರೆಕಾಳು ಇಡಿ. ನಟ್ಟನಡುವಿನ ಮನೆ ಖಾಲಿ ಇರಲಿ.

3. ಚೀಟಿಗಳಲ್ಲಿ ಮೇಲೆ, ಕೆಳಗೆ, ಎಡ, ಬಲ ಎಂದು ಬರೆದು ಮಡಚಿ.

4. ಕಣ್ಣುಮುಚ್ಚಿ ಒಂದು ಚೀಟಿ ಎತ್ತಿ. 'ಬಲ' ಬಂದರೆ ಖಾಲಿ ಮನೆಯ ಬಲಗಡೆಯ ಕಾಳನ್ನು ಖಾಲಿ ಮನೆಗೆ ಸರಿಸಿ. 'ಮೇಲೆ' ಬಂದರೆ ಮೇಲಿನದನ್ನು ಸರಿಸಿ. ಚೀಟಿಯನ್ನು ಮಡಚಿ ಮತ್ತೆ ಸೇರಿಸಿ. ಖಾಲಿ ಮನೆ ಅಂಚಿಗೆ ಬಂದಾಗ ಆ ದಿಕ್ಕಿನಲ್ಲಿ ಕಾಳೇ ಇಲ್ಲದಿದ್ದರೆ ಇನ್ನೊಮ್ಮೆ ಎತ್ತಿ.

5. 25, 50, 100, 200 ಸಲ ಸರಿಸಿದ ನಂತರ ಎಡಗಡೆಯ ಎರಡು ಸಾಲುಗಳಲ್ಲಿ ಎಷ್ಟು ಅವರೆಕಾಳು ಸೇರಿವೆ ಎಂದು ಎಣಿಸಿ ಬರೆದುಕೊಳ್ಳಿ.

ನಾಲ್ವರು ಸೇರಿ ಆಡಿದರೆ ಬೇಗ ಮುಗಿಯುತ್ತದೆ. ಒಬ್ಬರು ಚೀಟಿ ಎತ್ತಲಿ, ಒಬ್ಬರು ಕಾಳು ಸರಿಸಲಿ, ಒಬ್ಬರು ಲೆಕ್ಕ ಇಡಲಿ, ಒಬ್ಬರು ಬರೆದುಕೊಳ್ಳಲಿ. ಮೊದಲ 25 ಸಲದಲ್ಲಿ ಹೆಚ್ಚೇನೂ ಬದಲಾಗದೆ ಇರಬಹುದು. ಬೇಸರಪಡದೆ ಮುಂದುವರಿಸಿ.

ಆಡುವಾಗ ಇವನ್ನು ಗಮನಿಸಿ. ಯಾವ ಕಾಳಿಗೂ "ನಾನು ಆ ಕಡೆಗೆ ಹೋಗಬೇಕು" ಎಂಬ ಗುರಿ ಇಲ್ಲ. ಈಗ ತಾನೆ ಸರಿದ ಕಾಳು ಮರುಕ್ಷಣವೇ ಹಳೆಯ ಮನೆಗೆ ವಾಪಸು ಬರುವುದೂ ಉಂಟು. ಆದರೂ ಬಹಳ ಸಲ ಆಡಿದ ಮೇಲೆ ಎರಡು ಬಗೆಯ ಕಾಳೂ ಬೆರೆತುಕೊಳ್ಳುತ್ತವೆ. ಎಡಗಡೆ ಹುಣಸೆ ಬೀಜವೇ ತುಂಬಿರುವುದರಿಂದ ಅಲ್ಲಿಂದ ಹೊರಡುವ ಹುಣಸೆ ಬೀಜಗಳು ಹೆಚ್ಚು. ಅಲ್ಲಿಗೆ ಹಿಂತಿರುಗುವಂಥವು ಕಡಿಮೆ. ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿವು ಉಂಟಾಗುವುದಕ್ಕೆ ಇಷ್ಟೇ ಕಾರಣ.

ಖಾಲಿ ಮನೆ ಇದೆ ಎಂದು ಗೊತ್ತಾದದ್ದು ಹೇಗೆ?

ಪಕ್ಕಪಕ್ಕದ ಎರಡು ಪರಮಾಣುಗಳು ನೇರವಾಗಿ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ ಎಂದು ಬಹಳ ಕಾಲ ಅನೇಕರು ನಂಬಿದ್ದರು. ಅಮೆರಿಕದ ಅರ್ನೆಸ್ಟ್ ಕಿರ್ಕೆಂಡಾಲ್ ಮತ್ತು ಅವರ ವಿದ್ಯಾರ್ಥಿನಿ ಸ್ಮಿಗೆಲ್ಸ್ಕಸ್ 1947ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಿತ್ತಾಳೆಯ ತುಂಡಿನ ಎರಡು ಬದಿಗೂ ಮಾಲಿಬ್ಡಿನಮ್ ಎಂಬ ಲೋಹದ ಸಣ್ಣ ತಂತಿಗಳನ್ನಿಟ್ಟು, ಮೇಲೆ ದಪ್ಪಗೆ ತಾಮ್ರದ ಲೇಪನ ಮಾಡಿದರು. ತಂತಿಗಳು ಗುರುತಿಗಾಗಿ ಮಾತ್ರ. ಹೊಲದ ಬದುವಿಗೆ ನೆಟ್ಟ ಕಲ್ಲಿನಂತೆ. ಇಡೀ ತುಂಡನ್ನು 785 ಡಿಗ್ರಿ ಉಷ್ಣತೆಯಲ್ಲಿ ಹಲವಾರು ದಿನ ಇಟ್ಟು ನೋಡಿದರು.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಒಂದು ಸತು ಹೊರಗೆ ಬಂದಾಗ ಒಂದು ತಾಮ್ರ ಒಳಗೆ ಹೋಗುವುದಾದರೆ ಗುರುತಿನ ತಂತಿಗಳು ಇದ್ದಲ್ಲೇ ಇರಬೇಕು. ಆದರೆ ಎರಡು ಬದಿಯ ತಂತಿಗಳೂ ಒಂದಕ್ಕೊಂದು ಹತ್ತಿರ ಬಂದಿದ್ದವು! ಅಂದರೆ ಒಳಗಿನಿಂದ ಹೊರಟ ಸತುವಿನ ಪರಮಾಣುಗಳು ಹೆಚ್ಚು, ಒಳಗೆ ಬಂದ ತಾಮ್ರದ ಪರಮಾಣುಗಳು ಕಡಿಮೆ. ಅದಲುಬದಲಿನ ಲೆಕ್ಕ ಇಲ್ಲಿ ಕೂಡುವುದಿಲ್ಲ. ಖಾಲಿ ಮನೆಗೆ ಜಿಗಿಯುವ ಲೆಕ್ಕ ಕೂಡುತ್ತದೆ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇದನ್ನು ಮೊದಲು ನಂಬಲಿಲ್ಲ. ಬೇರೆಯವರೂ ಮಾಡಿ ನೋಡಿ ಅದೇ ಫಲ ಪಡೆದ ಮೇಲೆ ಒಪ್ಪಿದರು.

ಚಿನ್ನದೊಳಗೆ ಚಿನ್ನ

ಸೀಸದಲ್ಲಿ ಚಿನ್ನವನ್ನು ಗುರುತಿಸಬಹುದು. ಆದರೆ ಶುದ್ಧ ಚಿನ್ನದಲ್ಲಿ ಚಿನ್ನದ ಪರಮಾಣುವೇ ಓಡಾಡುತ್ತಿದ್ದರೆ ಕಂಡುಹಿಡಿಯುವುದು ಹೇಗೆ? ಎಲ್ಲವೂ ಒಂದೇ ರೀತಿ ಇವೆಯಲ್ಲ!

ಒಂದೇ ಬಣ್ಣದ ಕುರಿಮಂದೆಯಲ್ಲಿ ತನ್ನ ಕುರಿಯನ್ನು ಗುರುತಿಸಲು ಕುರುಬ ಅದಕ್ಕೆ ಬಣ್ಣ ಬಳಿಯುತ್ತಾನೆ. ವಿಜ್ಞಾನಿಗಳೂ ಇಂಥದೇ ಉಪಾಯ ಮಾಡಿದರು. ಒಂದೇ ಧಾತುವಿನಲ್ಲಿ ವಿಕಿರಣ ಸೂಸುವ ಪರಮಾಣುಗಳೂ ಇರುತ್ತವೆ. ಉಳಿದೆಲ್ಲ ಗುಣದಲ್ಲಿ ಅವು ತಮ್ಮ ಸಂಗಡಿಗರಂತೆಯೇ. ಆದರೆ ಎಲ್ಲಿವೆ ಎಂದು ಉಪಕರಣದಿಂದ ಪತ್ತೆ ಹಚ್ಚಬಹುದು. ಹಂಗೇರಿಯಲ್ಲಿ ಹುಟ್ಟಿದ ಜಾರ್ಜ್ ಹೆವೆಶಿ ಎಂಬ ವಿಜ್ಞಾನಿ 1920ರ ದಶಕದ ಆರಂಭದಲ್ಲಿ ಸಂಗಡಿಗರೊಡನೆ ಈ ಉಪಾಯದಿಂದ ಸೀಸದೊಳಗೆ ಸೀಸದ ಪರಮಾಣುಗಳೇ ಓಡಾಡುವುದನ್ನು ಕಂಡರು. ಪರಮಾಣುಗಳಿಗೆ ಹೀಗೆ 'ಗುರುತು' ಹಾಕುವ ವಿಧಾನಕ್ಕಾಗಿ ಅವರಿಗೆ 1943ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು. ಮುಂದೆ ವಿಕಿರಣ ಸೂಸುವ ಚಿನ್ನವನ್ನು ಬಳಸಿ ಚಿನ್ನದಲ್ಲೂ ಅಳೆದರು.

ಎಲ್ಲವೂ ಶಾಖದ ಕೈಯಲ್ಲಿದೆ

ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು. ಬಿಸಿನೀರು ಹಾಕುವಾಗ ದೊಡ್ಡವರ ಸಹಾಯ ಪಡೆಯಿರಿ. ನೀರು ನಿಂತ ಮೇಲೆ ಎರಡಕ್ಕೂ ಒಂದೊಂದು ಹನಿ ಶಾಯಿ ಬಿಡಿ. ಯಾವುದರಲ್ಲಿ ಬೇಗ ಹರಡಿತು?

ಲೋಹದಲ್ಲಿ ಈ ವ್ಯತ್ಯಾಸ ಊಹೆಗೂ ಮೀರಿದ್ದು. ಚಿನ್ನದ ಪರಮಾಣು ತನ್ನ ಮನೆಯಲ್ಲಿ ಕೂತು ಸೆಕೆಂಡಿಗೆ ಲಕ್ಷ ಕೋಟಿಗೂ ಹೆಚ್ಚು ಸಲ ಅದುರುತ್ತದೆ. ಆದರೆ ಪಕ್ಕದ ಮನೆಗೆ ಜಿಗಿಯಬೇಕಾದರೆ ಎರಡು ಸಂಗತಿ ಕೂಡಿಬರಬೇಕು. ಪಕ್ಕದಲ್ಲಿ ಖಾಲಿ ಮನೆ ಇರಬೇಕು. ನಡುವೆ ಒತ್ತಿಕೊಂಡಿರುವ ಪರಮಾಣುಗಳನ್ನು ಸರಿಸಿ ದಾಟುವಷ್ಟು ಶಕ್ತಿಯೂ ಬೇಕು. ಬಿಸಿ ಏರಿದಂತೆ ಎರಡೂ ಹೆಚ್ಚುತ್ತವೆ.

ಅಳತೆಗಳ ಆಧಾರದ ಮೇಲೆ ಲೆಕ್ಕ ಹಾಕಿದರೆ ಏನು ಸಿಗುತ್ತದೆ ನೋಡಿ. ಇನ್ನೇನು ಕರಗಬೇಕು ಎನ್ನುವಷ್ಟು ಬಿಸಿಯಾದ, ಆದರೆ ಇನ್ನೂ ಗಟ್ಟಿಯಾಗಿರುವ ಚಿನ್ನದಲ್ಲಿ ಒಂದೊಂದು ಪರಮಾಣುವೂ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಸಲ ಮನೆ ಬದಲಿಸುತ್ತದೆ. ಅದೇ ಚಿನ್ನ ನಮ್ಮ ಕೋಣೆಯ ಉಷ್ಣತೆಯಲ್ಲಿದ್ದರೆ? ಸ್ಫಟಿಕದ ಒಳಗಿರುವ ಒಂದು ಪರಮಾಣು ಒಮ್ಮೆ ಮನೆ ಬದಲಿಸಲು ಹತ್ತು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕಾಗಬಹುದು!

ಸೆಕೆಂಡಿಗೆ ಹತ್ತು ಕೋಟಿ ಜಿಗಿತ ಎಂದರೆ ಪರಮಾಣು ಬಹಳ ದೂರ ಹೋಗಿಬಿಡುತ್ತದೆ ಎಂದುಕೊಳ್ಳಬೇಡಿ. ನೇರವಾಗಿ ಒಂದೇ ದಿಕ್ಕಿಗೆ ಜಿಗಿದಿದ್ದರೆ ಸೆಕೆಂಡಿಗೆ ಸುಮಾರು ಮೂರು ಸೆಂಟಿಮೀಟರ್ ದೂರ ಹೋಗುತ್ತಿತ್ತು. ಆದರೆ ನಿಮ್ಮ ಆಟದ ಕಾಳಿನಂತೆ ಅದು ಅತ್ತ ಇತ್ತ, ಮುಂದೆ ಹಿಂದೆ ಜಿಗಿಯುತ್ತದೆ. ಕೊನೆಗೆ ಹೊರಟ ಜಾಗದಿಂದ ಅದು ತಲುಪುವ ದೂರ ಸುಮಾರು ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗ ಮಾತ್ರ. ಹೀಗೆ ಗುರಿಯಿಲ್ಲದೆ ಅಲೆಯುವುದಕ್ಕೆ ಒಂದು ಲೆಕ್ಕವಿದೆ: ಎರಡರಷ್ಟು ದೂರ ಹೋಗಲು ನಾಲ್ಕರಷ್ಟು ಸಮಯ ಬೇಕು, ಮೂರರಷ್ಟು ದೂರಕ್ಕೆ ಒಂಬತ್ತರಷ್ಟು.

ಇದರಿಂದ ನಮಗೇನು?

ಯಂತ್ರಗಳ ಹಲ್ಲುಚಕ್ರ ನೋಡಿದ್ದೀರಲ್ಲ? ಅದರ ಹಲ್ಲು ಸವೆಯಬಾರದು, ಆದ್ದರಿಂದ ಮೇಲ್ಮೈ ತುಂಬ ಗಡುಸಾಗಿರಬೇಕು. ಪೂರ್ತಿ ಗಡುಸಾದರೆ ಏಟು ಬಿದ್ದಾಗ ಸೀಳಿಬಿಡುತ್ತದೆ, ಆದ್ದರಿಂದ ಒಳಗೆ ಗಟ್ಟಿಮುಟ್ಟಾಗಿದ್ದರೂ ಬಿರುಸಾಗಿರಬಾರದು. ಅದಕ್ಕೆ ಚಕ್ರವನ್ನು ಇಂಗಾಲ ಸಿಗುವ ವಾತಾವರಣದಲ್ಲಿ 900 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ಹಲವು ಗಂಟೆ ಇಡುತ್ತಾರೆ. ಇಂಗಾಲದ ಪರಮಾಣುಗಳು ಗಟ್ಟಿ ಉಕ್ಕಿನೊಳಗೆ ಸುಮಾರು ಒಂದು ಮಿಲಿಮೀಟರಿನಷ್ಟು ಇಳಿಯುತ್ತವೆ. ಆಮೇಲೆ ಥಟ್ಟನೆ ತಣಿಸಿದರೆ ಮೇಲ್ಪದರ ಮಾತ್ರ ಗಡುಸಾಗುತ್ತದೆ.

ಸೋಲಾರ್ ದೀಪದ ಫಲಕದಲ್ಲಿರುವ ಸಿಲಿಕಾನ್ ಬಿಲ್ಲೆಯೊಳಗೆ ರಂಜಕದಂಥ ಧಾತುವನ್ನು ಸೇರಿಸುವಾಗಲೂ ಸಾಮಾನ್ಯವಾಗಿ ವಿಸರಣೆಯದೇ ಕೆಲಸ. ಸಿಲಿಕಾನ್ ಕರಗುವುದಿಲ್ಲ. ಬಿಸಿಯಾದ ಕುಲುಮೆಯಲ್ಲಿ ರಂಜಕದ ಪರಮಾಣುಗಳು ಗಟ್ಟಿ ಬಿಲ್ಲೆಯೊಳಗೆ ಇಳಿಯುತ್ತವೆ.

ತೊಂದರೆಯೂ ಇದೆ. ಮೊಬೈಲಿನ ಸಿಮ್ ಕಾರ್ಡಿನ ಮೇಲೆ ಹೊಳೆಯುವ ಭಾಗದಲ್ಲಿ ಸಾಮಾನ್ಯವಾಗಿ ತಾಮ್ರದ ಮೇಲೆ ಅತಿ ತೆಳುವಾದ ಚಿನ್ನದ ಲೇಪನ ಇರುತ್ತದೆ. ಚಿನ್ನವನ್ನು ನೇರವಾಗಿ ತಾಮ್ರದ ಮೇಲೆ ಬಳಿದರೆ ತಾಮ್ರದ ಪರಮಾಣುಗಳು ಕ್ರಮೇಣ ಚಿನ್ನವನ್ನು ದಾಟಿ ಮೇಲೆ ಬಂದು, ಗಾಳಿ ತಾಗಿ ಕಪ್ಪಾಗುತ್ತವೆ. ಅಷ್ಟು ತೆಳು ಪದರದಲ್ಲಿ ದಾಟಬೇಕಾದ ದೂರವೂ ಕಡಿಮೆ. ಸಣ್ಣ ಸಣ್ಣ ಸ್ಫಟಿಕಗಳ ಅಂಚುಗಳಲ್ಲಿ ಜೋಡಣೆ ಸಡಿಲವಾಗಿರುವುದರಿಂದ ಅಲ್ಲಿ ಪರಮಾಣುಗಳು ಒಳಗಿಗಿಂತ ಎಷ್ಟೋ ಸಲೀಸಾಗಿ ಸಾಗುತ್ತವೆ. ಇದನ್ನು ತಡೆಯಲು ನಡುವೆ ನಿಕ್ಕಲ್ ಪದರವೊಂದನ್ನು ಹಾಕುತ್ತಾರೆ. ಅದು ತಾಮ್ರಕ್ಕೆ ಅಡ್ಡಗೋಡೆ.

ಮತ್ತೆ ಆ ಶಾಲೆಗೆ

ಹದಿನೈದು ದಿನ ಬಿಟ್ಟು ಅದೇ ಶಾಲೆಗೆ ಹೋದೆ. "ಹೋದ ಸಲ ನಾನು ಹೇಳಿದ್ದು ತಪ್ಪು" ಎಂದು ಹೇಳಿಯೇ ಪಾಠ ಶುರುಮಾಡಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಸ ಮತ್ತು ಚಿನ್ನದ ಪ್ರಯೋಗವನ್ನು ವಿವರಿಸಿದೆ. ಆ ಹುಡುಗಿಯ ತಂದೆ ಸೀಸವನ್ನು ದೂರ ಇಡುವುದು ಸರಿ. ಕಾಯಿಸುವಾಗ ಸೀಸ ಬೇಗ ಕರಗಿ ಚಿನ್ನದೊಡನೆ ಬೆರೆಯುತ್ತದೆ, ಚಿನ್ನ ಬಿರುಸಾಗಿ ಒಡೆಯುವಂತಾಗುತ್ತದೆ. ಆದರೆ ಕರಗದಿದ್ದರೂ ಈ ಎರಡು ಲೋಹಗಳು ಒಂದರೊಳಗೊಂದು ನಿಧಾನವಾಗಿ ಬೆರೆಯುತ್ತವೆ ಎಂದೆ.

ಅವಳು ಮತ್ತೆ ಎದ್ದಳು. "ಹಂಗಾದ್ರೆ ಸಾರ್, ನಮ್ಮಜ್ಜಿ ಪೆಟ್ಟಿಗೇಲಿ ಚಿನ್ನದ ಬಳೆ, ಬೆಳ್ಳಿ ಕಾಲ್ಚೈನು ಒಟ್ಟಿಗೇ ಇಟ್ಟವ್ರೆ. ಅವೂ ಬೆರೆತುಹೋಗ್ತವಾ?"

ಈ ಸಲ ನಾನು ಆತುರಪಡಲಿಲ್ಲ. ಎಲ್ಲರೂ ಸೇರಿ ಉತ್ತರ ಹುಡುಕಿದೆವು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿಯಲ್ಲಿ, ಚಿನ್ನ 1064ರಲ್ಲಿ. ನಮ್ಮ ಮನೆಯ 30 ಡಿಗ್ರಿ ಅವಕ್ಕೆ ಕೊರೆಯುವ ಚಳಿ. ಇಲ್ಲಿ ಸಂದಿಯಲ್ಲಿ ನುಸುಳುವಂತಿಲ್ಲ, ಖಾಲಿ ಮನೆಗಾಗಿ ಕಾಯಬೇಕು. ಸಾಲದೆಂಬಂತೆ, ಬಳೆ ಮತ್ತು ಚೈನು ಒಂದಕ್ಕೊಂದು ತಾಗುವುದು ಅಲ್ಲೊಂದು ಇಲ್ಲೊಂದು ಚುಕ್ಕಿಯಲ್ಲಿ. ಅಜ್ಜಿಯ ಅಜ್ಜಿಯ ಕಾಲದಿಂದ ಒಟ್ಟಿಗಿದ್ದರೂ ಚಿಂತೆಯಿಲ್ಲ ಎಂದು ಮಕ್ಕಳೇ ತೀರ್ಮಾನಿಸಿದರು. ಆ ಹುಡುಗಿ ಅದನ್ನು ಅಜ್ಜಿಗೆ ಹೇಳುತ್ತೇನೆಂದು ಪುಸ್ತಕದಲ್ಲಿ ಬರೆದುಕೊಂಡಳು.

ಯೋಚಿಸಿ ಉತ್ತರಿಸಿ

1. ರಾಬರ್ಟ್ಸ್-ಆಸ್ಟೆನ್ ಚಿನ್ನವನ್ನು ಸೀಸದ ಮೇಲೆ ಇಡದೆ ತಳದಲ್ಲಿಟ್ಟದ್ದರಿಂದ ಏನು ಅನುಕೂಲವಾಯಿತು?

2. ಖಾಲಿ ಮನೆ ಆಟದಲ್ಲಿ ಎರಡು ಮನೆ ಖಾಲಿ ಬಿಟ್ಟು ಆಡಿದರೆ ಕಾಳುಗಳು ಬೇಗ ಬೆರೆಯುತ್ತವೆಯೇ? ಆಡಿ ನೋಡಿ.

3. ಇಂಗಾಲ ಒಂದು ಮಿಲಿಮೀಟರ್ ಇಳಿಯಲು ನಾಲ್ಕು ಗಂಟೆ ಬೇಕಾದರೆ, ಅದೇ ಬಿಸಿಯಲ್ಲಿ ಎರಡು ಮಿಲಿಮೀಟರ್ ಇಳಿಯಲು ಸುಮಾರು ಎಷ್ಟು ಗಂಟೆ ಬೇಕು?

4. ಸಿಮ್ ಕಾರ್ಡಿನಲ್ಲಿ ನಿಕ್ಕಲ್ ಪದರ ಇಲ್ಲದಿದ್ದರೆ ಏನಾಗಬಹುದು?

ಶಿಕ್ಷಕ ಮಿತ್ರರಿಗೆ

ಸೀಸ ಮತ್ತು ಪಾದರಸ ಎರಡೂ ವಿಷಕಾರಿ. ಚಿನ್ನದ ಉಂಗುರ ಪಾದರಸ ತಾಗಿ ಬೆಳ್ಳಗಾಗುವುದನ್ನು ತೋರಿಸುವ ಆಸೆ ಯಾರಿಗೂ ಬೇಡ. ಕಾಳಿನ ಆಟ ಮತ್ತು ಶಾಯಿ ಸಾಕು. ಆಟವನ್ನು ಬೇರೆ ಬೇರೆ ಗುಂಪುಗಳಿಂದ ಆಡಿಸಿ, ಎಲ್ಲರ ಎಣಿಕೆಯನ್ನೂ ಕಪ್ಪು ಹಲಗೆಯ ಮೇಲೆ ಒಂದೇ ಪಟ್ಟಿಯಲ್ಲಿ ಬರೆಸಿ. ಒಂದೊಂದು ಗುಂಪಿಗೂ ಬೇರೆ ಬೇರೆ ಸಂಖ್ಯೆ ಬರುತ್ತದೆ. ಅದು ತಪ್ಪಲ್ಲ ಎಂದು ಮಕ್ಕಳಿಗೆ ತಿಳಿಸಿ, ಎಲ್ಲವನ್ನೂ ಕೂಡಿ ಸರಾಸರಿ ತೆಗೆಸಿ. "ಘನದಲ್ಲಿ ಕಣಗಳು ಕದಲುವುದಿಲ್ಲ" ಎಂಬ ವಾಕ್ಯ ಪಾಠದಲ್ಲಿ ಬಂದಾಗ "ಬಹಳ ನಿಧಾನವಾಗಿ, ಬಿಸಿಯಾದರೆ ಬೇಗ ಕದಲುತ್ತವೆ" ಎಂದು ಸೇರಿಸಿ ಹೇಳಿ.